ಅಂಗಡಿಯವರು ಆರಿಸಿ ಕೊಟ್ಟ ಪುಸ್ತಕ

ಮಗಳು: ದೊಡ್ಡಪ್ಪ, ಹಾಸನದ ಸಾಲಗಾಮೆ ರಸ್ತೆಯಲ್ಲಿ ಮಳಿಗೆ ಗೊತ್ತಾಯ್ತು. ಅಡ್ವಾನ್ಸ್ ಕೊಟ್ಟಿದ್ದೀನಿ, ಬಡಗಿ ಬಂದು ಕಪಾಟಿನ ಅಳತೆ ತಗೊಂಡು ಹೋಗಿದ್ದಾನೆ. ಈಗ ನಿಮ್ಮಿಂದ ಒಂದು ಪಟ್ಟಿ ಬೇಕು. ಅಂಗಡಿಯಲ್ಲಿ ಒಳ್ಳೆಯ ಪುಸ್ತಕಗಳ ಕೆಳಗೆ ಒಂದೊಂದು ಕೈಬರಹದ ಚೀಟಿ ಅಂಟಿಸಬೇಕು ಅಂತ ಆಸೆ. ಇದನ್ನ ಯಾಕೆ ಓದಬೇಕು ಅಂತ ಎರಡು ಸಾಲು. ನೀವು ಜೀವಮಾನ ಪೂರ್ತಿ ಪುಸ್ತಕ ಮಾರಿದವರು. ಯಾವ ಯಾವುದಕ್ಕೆ ಚೀಟಿ ಹಾಕಲಿ, ಹೇಳಿ.

ದೊಡ್ಡಪ್ಪ: ಚೀಟಿ ಹಾಕು, ಬೇಡ ಅನ್ನಲ್ಲ. ಆದರೆ ಪಟ್ಟಿ ನಾನು ಕೊಟ್ಟರೆ ಅದು ಮೈಸೂರಿನ ಪಟ್ಟಿ ಆಗುತ್ತೆ ಕಣಮ್ಮ. ನನ್ನ ಹತ್ತಿರ ಬರುತ್ತಿದ್ದವರು ಯೂನಿವರ್ಸಿಟಿ ಮೇಷ್ಟ್ರುಗಳು, ರಂಗಾಯಣದ ಹುಡುಗರು, ರಿಟೈರ್ ಆಗಿ ಬೆಳಗಿನ ವಾಕಿಂಗ್ ಮುಗಿಸಿ ಬರೋರು. ನಿನ್ನ ಮಳಿಗೆಯ ಮೆಟ್ಟಿಲು ಹತ್ತೋರು ಯಾರು ಅಂತ ನೀನು ನೋಡಬೇಕು. ಮೆಡಿಕಲ್ ಕಾಲೇಜಿನ ಮಕ್ಕಳೋ, ಸಕಲೇಶಪುರದ ಕಡೆಯಿಂದ ಪೇಟೆಗೆ ಬಂದ ತೋಟದವರೋ, ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಒಳಗೆ ಬಂದ ಟೀಚರೋ. ಅದು ತಿಳಿಯೋ ಮೊದಲೇ ಬರೆದ ಚೀಟಿಯಲ್ಲಿ ನಿನ್ನ ಓದು ಕಾಣುತ್ತೆ, ಅವರಿಗೆ ಏನು ಬೇಕು ಅನ್ನೋದು ಕಾಣಲ್ಲ.

ಮಗಳು: ಹಾಗಾದರೆ ಮೊದಲ ದಿನ ಬಂದವರಿಗೆ ಏನು ಹೇಳೋದು?

ದೊಡ್ಡಪ್ಪ: ಎರಡು ವಿಷಯ ಕೇಳು. ಪೂರ್ತಿ ಓದಿ ಮುಗಿಸಿದ ಪುಸ್ತಕ ಯಾವುದು, ಅರ್ಧಕ್ಕೆ ಬಿಟ್ಟಿದ್ದು ಯಾವುದು. ಮೊದಲನೆಯದಕ್ಕೆ ಜನ ಸ್ವಲ್ಪ ದೊಡ್ಡ ಹೆಸರನ್ನೇ ಹೇಳ್ತಾರೆ, ಅದು ಸಹಜ. ಅರ್ಧಕ್ಕೆ ಬಿಟ್ಟಿದ್ದನ್ನ ಕೇಳಿದರೆ ನಿಜ ಹೊರಗೆ ಬರುತ್ತೆ. ಇನ್ನೂರನೇ ಪುಟಕ್ಕೆ ಬಿಟ್ಟೆ ಅಂದರೆ ಪಾತ್ರಗಳು ಜಾಸ್ತಿಯಾಗಿ ಕಲಸಿಹೋಯ್ತು ಅಂತ ಇರಬಹುದು, ಮನೆಯಲ್ಲಿ ಒಂದೇ ಸಮ ಓದೋಕೆ ಪುರುಸೊತ್ತಿಲ್ಲ ಅಂತ ಇರಬಹುದು. ಪುರುಸೊತ್ತಿಲ್ಲದವರಿಗೆ ಸಣ್ಣಕತೆ ಕೊಡು. ಭಾಷೆ ತೊಡಕಾಯ್ತು ಅಂತಲೂ ಕೆಲವರು ಹೇಳ್ತಾರೆ. ದೇವನೂರ ಮಹಾದೇವರ 'ಕುಸುಮಬಾಲೆ' ನೋಡು, ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬಂದದ್ದು. ಬೆಂಗಳೂರಿನಲ್ಲಿ ಬೆಳೆದ ಹುಡುಗ ಬರೀ ಕಣ್ಣಾಡಿಸಿದರೆ ಹತ್ತನೇ ಪುಟದಲ್ಲೇ ನಿಂತುಬಿಡ್ತಾನೆ. ಅವನ ಕೈಯಿಂದ ಅದನ್ನ ತಗೊಂಡು ಸುಲಭದ್ದೊಂದು ಕೊಡಬಾರದು. ಮೊದಲ ಎರಡು ಪುಟ ಗಟ್ಟಿಯಾಗಿ ಓದಪ್ಪ, ಕಿವಿಗೆ ಬೀಳಲಿ ಅನ್ನಬೇಕು. ಅಂಗಡಿಯಲ್ಲೇ ನಿಂತು ನೀನೇ ನಾಲ್ಕು ಸಾಲು ಓದಿ ತೋರಿಸಬಹುದು. ಒಂದು ಪುಸ್ತಕ ಹೇಗೆ ಓದಿದರೆ ತೆರೆದುಕೊಳ್ಳುತ್ತೆ ಅಂತ ಹೇಳಿಕೊಡೋದೂ ನಮ್ಮ ಕೆಲಸವೇ.

ಮಗಳು: ನನ್ನ ವಯಸ್ಸಿನವರಲ್ಲಿ ಬಹಳ ಜನ 'ಕರ್ವಾಲೊ'ದಿಂದ ಶುರು ಮಾಡಿದವರು. ಅದನ್ನ ಮುಗಿಸಿ ಬಂದವರಿಗೆ ಮುಂದೆ ಏನು?

ದೊಡ್ಡಪ್ಪ: ಇನ್ನೊಂದು ತೇಜಸ್ವಿ ಪುಸ್ತಕ ಕೊಡೋಕೆ ಅಂಗಡಿಯವರೇ ಬೇಕಾಗಿಲ್ಲ, 'ಚಿದಂಬರ ರಹಸ್ಯ' ಅವರಾಗಿಯೇ ಕೇಳ್ತಾರೆ. ನಾನಾದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೈಗಿಡ್ತೀನಿ. ಸ್ವಾಮಿ ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು. ವಿದ್ಯಾರ್ಥಿಗಳನ್ನ ಕಟ್ಟಿಕೊಂಡು ಕಾಡು ಸುತ್ತಿದ್ದು, ದಾರಿಯಲ್ಲಿ ಸಿಕ್ಕ ಗಿಡಮರ, ಅವುಗಳ ಜೊತೆ ಹೆಣೆದುಕೊಂಡ ತಮಾಷೆ, ಎಲ್ಲ ಅದರಲ್ಲಿದೆ. ಚಿತ್ರಗಳೂ ಅವರದೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಆದರೆ ಸಸ್ಯಶಾಸ್ತ್ರ ಅಂತ ಹೆಸರು ಬಿದ್ದ ತಕ್ಷಣ ಅದನ್ನ ವಿಜ್ಞಾನದ ಕಪಾಟಿಗೆ ಸೇರಿಸಿಬಿಡ್ತಾರೆ, ಕಾದಂಬರಿ ಓದೋರು ಆ ಕಡೆ ತಲೆ ಹಾಕಲ್ಲ. 'ಕರ್ವಾಲೊ'ದ ಹಾರುವ ಓತಿಯ ಹಿಂದೆ ಅಷ್ಟು ದೂರ ನಡೆದವರಿಗೆ ಬೇಕಾಗಿರೋದು ಕಾಡು, ಕುತೂಹಲ, ನಗು. ಮೂರೂ ಇಲ್ಲಿ ಧಾರಾಳವಾಗಿದೆ. ನೀನು ಅವರನ್ನ ಆ ಕಪಾಟಿನ ತನಕ ಕರೆದುಕೊಂಡು ಹೋಗಬೇಕು, ಅಷ್ಟೆ.

ಮಗಳು: ತ್ರಿವೇಣಿಯವರನ್ನ ಮಾತ್ರ ಓದೋ ಅಮ್ಮಂದಿರು ಬರ್ತಾರಲ್ಲ, 'ಅಂಥದ್ದೇ ಕೊಡಿ' ಅಂತ?

ದೊಡ್ಡಪ್ಪ: ಆ ಅಮ್ಮಂದಿರನ್ನ ಹಗುರವಾಗಿ ತಗೋಬೇಡ. ಕನ್ನಡ ಕಾದಂಬರಿಯನ್ನ ಮನೆಮನೆಗೆ ತಂದವರು ಅವರೇ. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ, ಇವತ್ತಿಗೂ ಮರುಮುದ್ರಣ ಆಗ್ತಿದೆ ಅಂದರೆ ಅದರಲ್ಲಿ ಏನೋ ಇದೆ. ಹೆಂಗಸಿನ ಮನಸ್ಸಿಗೆ ಆಗೋ ಗಾಯವನ್ನ ಕಾಯಿಲೆ ಅಂತ ಗುರುತಿಸಿ ಬರೆದರು ಅವರು. ಅದು ಹಿಡಿಸಿದವರಿಗೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕೊಡು. ಬಾಲವಿಧವೆಯ ಕತೆ, ಲೇಖಕಿಯ ಬಂಧು ಒಬ್ಬರ ಬದುಕಿನಿಂದಲೇ ಎತ್ತಿಕೊಂಡದ್ದು. ಅದನ್ನ ಓದಿಕೊಂಡು ತಿರುಗಿ ಬಂದರೆ ಆಮೇಲೆ ವೈದೇಹಿಯವರ ಕತೆಗಳು. ಒಮ್ಮೆಗೇ ವೈದೇಹಿ ಕೊಟ್ಟರೂ ನಡೆಯುತ್ತೆ, ಆದರೆ ಕುಂದಾಪುರದ ಮಾತಿಗೆ ಕಿವಿ ಹೊಂದಿಕೊಳ್ಳೋಕೆ ಸ್ವಲ್ಪ ಸಮಯ ಬೇಕು. ಒಂದೇ ಸಲಕ್ಕೆ ಮೂರು ಪುಸ್ತಕ ಕಟ್ಟಿಕೊಡೋ ಆಸೆಗೆ ಬೀಳಬೇಡ. ಒಂದು ಕೊಡು. ಅವರು ಇನ್ನೊಂದು ಸಲ ಬರಬೇಕು, ಹೇಗಿತ್ತು ಅಂತ ನಿನಗೆ ಹೇಳಬೇಕು.

ಮಗಳು: ಇಷ್ಟನ್ನ ಫೋನೂ ಮಾಡುತ್ತಲ್ಲ ಈಗ. ಇದನ್ನ ಕೊಂಡವರು ಅದನ್ನೂ ಕೊಂಡರು ಅಂತ ಕೆಳಗೇ ತೋರಿಸುತ್ತೆ.

ದೊಡ್ಡಪ್ಪ: ತೋರಿಸಲಿ, ಹಾಗಾದರೂ ಪುಸ್ತಕ ಸಿಕ್ಕರೆ ಒಳ್ಳೆಯದೇ. ಆದರೆ ಅಚ್ಚಿನ ಪುಸ್ತಕದ ಮಟ್ಟಿಗೆ ಅದಕ್ಕೆ ಗೊತ್ತಿರೋದು ಕೊಂಡಿದ್ದು, ಓದಿದ್ದಲ್ಲ. ನಮ್ಮಲ್ಲಿ ಗೃಹಪ್ರವೇಶಕ್ಕೆ, ಮದುವೆಗೆ, ಆಫೀಸಿನ ಬೀಳ್ಕೊಡುಗೆಗೆ ಅಂತ ಎಷ್ಟು 'ಮಂಕುತಿಮ್ಮನ ಕಗ್ಗ' ಹೋಗುತ್ತೆ! ಹಾಗೆ ಕೊಂಡವರ ಮುಂದೆ ಏನು ಇಟ್ಟರೆ ತಾನೇ ಏನು ಉಪಯೋಗ? ಅಲ್ಲಿ ಮೇಲುಗಡೆ ಕಾಣೋದರಲ್ಲಿ ಕೆಲವು ಜಾಹೀರಾತಿನ ದುಡ್ಡು ಕೊಟ್ಟು ಬಂದಿರುತ್ತವೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗಂತ ಬರೆದಿರುತ್ತೆ, ಯಾರೂ ಓದಲ್ಲ.

ಮಗಳು: ಅದು ಫೋನಿನಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನ ವಾಟರ್‌ಸ್ಟೋನ್ಸ್ ಅಂಗಡಿಗಳಲ್ಲಿ ಬಾಗಿಲ ಹತ್ತಿರದ ಮೇಜಿನ ಮೇಲೆ ಪುಸ್ತಕ ಇಡೋಕೆ ಪ್ರಕಾಶಕರು ಹಣ ಕೊಡ್ತಿದ್ದರಂತೆ. 2011ರಲ್ಲಿ ಜೇಮ್ಸ್ ಡಾಂಟ್ ಅದರ ಮುಖ್ಯಸ್ಥರಾದರು. ಅದಕ್ಕೆ ಮೊದಲು ಲಂಡನ್ನಿನಲ್ಲಿ ಸ್ವಂತ ಪುಸ್ತಕದಂಗಡಿ ನಡೆಸಿದವರು. ಬಂದವರೇ ಆ ವರಮಾನ ಬೇಡ ಅಂತ ನಿಲ್ಲಿಸಿದರು. ಯಾವ ಊರಿನಲ್ಲಿ ಯಾವ ಪುಸ್ತಕ ಮುಂದೆ ಇರಬೇಕು ಅನ್ನೋದನ್ನ ಆ ಊರಿನ ಅಂಗಡಿಯಲ್ಲಿ ಕೆಲಸ ಮಾಡೋರಿಗೇ ಬಿಟ್ಟರು. ದೊಡ್ಡ ಸರಣಿಯೇ ಸಣ್ಣ ಅಂಗಡಿಯ ನಡೆ ಕಲಿತ ಹಾಗಾಯ್ತು.

ದೊಡ್ಡಪ್ಪ: ಒಳ್ಳೆಯ ಕೆಲಸ. ಮೇಜಿಗೆ ಬಾಡಿಗೆ ಕೊಡೋವಷ್ಟು ದೊಡ್ಡ ಪ್ರಕಾಶಕರು ಕನ್ನಡದಲ್ಲಿಲ್ಲ. ಆದರೆ ನಮ್ಮ ಕಪಾಟೂ ಯಾವಾಗಲೂ ಆಯ್ಕೆಯಿಂದ ತುಂಬೋದಿಲ್ಲ. ನಿನಗೆ ವಿನಿಮಯ ಗೊತ್ತಾ?

ಮಗಳು: ಪ್ರಕಾಶಕರು ಒಬ್ಬರಿಗೊಬ್ಬರು ಪುಸ್ತಕ ಬದಲಾಯಿಸಿಕೊಳ್ಳೋದು?

ದೊಡ್ಡಪ್ಪ: ಅದೇ. ನಿನ್ನ ಐದು ಸಾವಿರ ರೂಪಾಯಿ ಮುಖಬೆಲೆಯ ಪುಸ್ತಕ ನನಗೆ, ನನ್ನ ಐದು ಸಾವಿರದ್ದು ನಿನಗೆ. ಕೈಯಲ್ಲಿ ಕಾಸಿಲ್ಲದ ಸಣ್ಣ ಪ್ರಕಾಶಕರಿಗೆ ಅದು ದೊಡ್ಡ ಆಸರೆ, ಅದನ್ನ ಅಲ್ಲಗಳೆಯಲ್ಲ. ಆದರೆ ಹಾಗೆ ಬಂದ ಗಂಟಿನಲ್ಲಿ ಏನಿದೆ ಅಂತ ಬಿಚ್ಚಿದ ಮೇಲೆ ಗೊತ್ತಾಗೋದು. ಬಂದಿದೆ, ಮಾರಬೇಕು. ಆಗ ಗಿರಾಕಿ ಕೇಳಿದರೆ ಬಾಯಿಗೆ ಬರೋದು ಆ ಗಂಟಿನ ಪುಸ್ತಕವೇ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯದ್ದು ಇನ್ನೊಂದು ಕತೆ. ಆಯ್ಕೆಯಾದ ಪುಸ್ತಕದ 300 ಪ್ರತಿ ಇಲಾಖೆ ತಗೊಳ್ಳುತ್ತೆ. ಸಾರ್ವಜನಿಕ ಲೈಬ್ರರಿಗಳಿಗೆ ಹೊಸ ಪುಸ್ತಕ ತಲುಪೋದು ಅದರಿಂದ, ಒಳ್ಳೆಯ ಯೋಜನೆ. ಆದರೆ ಅದೊಂದನ್ನೇ ನಂಬಿ ಅಚ್ಚಾಗೋ ಪುಸ್ತಕಗಳಿವೆ. ಅವು ಪ್ರೆಸ್ಸಿನಿಂದ ನೇರ ಇಲಾಖೆಯ ಗೋಡೌನಿಗೆ ಹೋಗುತ್ತವೆ. ನಡುವೆ ಒಬ್ಬ ಅಂಗಡಿಯವನು ತಿರುವಿ ಹಾಕಿ, ಇದು ನಮ್ಮ ಓದುಗರಿಗೆ ಬೇಕು, ಇದು ಬೇಡ ಅನ್ನೋ ಹಂತವೇ ಇಲ್ಲ. ಮಂಗಳೂರಿನಲ್ಲಿ ಅತ್ರಿ ಬುಕ್ ಸೆಂಟರ್ ಅಂತಿತ್ತು, ಕೇಳಿದ್ದೀಯಾ?

ಮಗಳು: ಜಿ.ಟಿ. ನಾರಾಯಣರಾಯರ ಮಗನ ಅಂಗಡಿ.

ದೊಡ್ಡಪ್ಪ: ಹೌದು, ಜಿ.ಎನ್. ಅಶೋಕವರ್ಧನ. 1975ರಲ್ಲಿ ಶುರು ಮಾಡಿ 2012ರಲ್ಲಿ ತಾವಾಗಿಯೇ ಬಾಗಿಲು ಹಾಕಿದರು. ಸರಕಾರಿ ಖರೀದಿಗೆ ಕಾಯುತ್ತ ಕೂತರೆ ಓದುಗ ಕೈತಪ್ಪಿ ಹೋಗ್ತಾನೆ ಅಂತ ವರ್ಷಾನುಗಟ್ಟಲೆ ವಾದ ಮಾಡಿದ ಮನುಷ್ಯ. 'ಪುಸ್ತಕ ಮಾರಾಟ ಹೋರಾಟ' ಅಂತ ಅವರದೇ ಪುಸ್ತಕ ಇದೆ, ಅಂಗಡಿ ತೆರೆಯೋ ಮೊದಲು ಹುಡುಕಿ ಓದು. ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ. ಆದರೆ ಒಂದು ನಿಲುವು ಅಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಮಾರೋನಿಗೆ ತಾನು ಏನು ಮಾರ್ತಿದ್ದೀನಿ ಅನ್ನೋದರ ಬಗ್ಗೆ ಅಭಿಪ್ರಾಯ ಇರಬೇಕು, ಆ ಅಭಿಪ್ರಾಯಕ್ಕೆ ತಾನೇ ದುಡ್ಡು ಹಾಕಿರಬೇಕು. ನಾನು ಬದುಕಿದ್ದೂ ಅದೇ ನಂಬಿಕೆಯಲ್ಲಿ. ನೀನು ಒಂದು ಪುಸ್ತಕವನ್ನ ನಿನ್ನ ಹಣ ಕೊಟ್ಟು, ಮಾರದಿದ್ದರೆ ವಾಪಸ್ ಇಲ್ಲ ಅನ್ನೋ ಕರಾರಿನ ಮೇಲೆ ತರಿಸಿ ಕಪಾಟಿನಲ್ಲಿ ನಿಲ್ಲಿಸಿದೆಯಲ್ಲ, ಆಗಲೇ ಅರ್ಧ ಶಿಫಾರಸು ಮುಗಿದಿರುತ್ತೆ. ಚೀಟಿಯಲ್ಲಿ ಬರೆಯೋದು ಉಳಿದರ್ಧ.

ಮಗಳು: ಹಾಗಂದರೆ ನನ್ನ ದುಡ್ಡು, ನನ್ನ ರುಚಿ. ಅದರಲ್ಲೂ ಅಪಾಯ ಇದೆ ದೊಡ್ಡಪ್ಪ. ಬಾನು ಮುಷ್ತಾಕ್ ನಮ್ಮ ಹಾಸನದವರೇ. 2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳು. ಮಾರನೇ ದಿನದಿಂದ ಎಲ್ಲರೂ ಅವರ ಕನ್ನಡ ಪುಸ್ತಕ ಕೇಳಿದವರೇ. ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಿದ್ದ ಕಾಲದಿಂದ, ಬಂಡಾಯದ ಕಾಲದಿಂದ ಬರೆದುಕೊಂಡು ಬಂದವರು ಅವರು. ಅಷ್ಟು ವರ್ಷ ಎಷ್ಟು ಅಂಗಡಿಯವರು ಗಿರಾಕಿಯ ಕೈಗೆ ಅವರ ಸಂಕಲನ ಕೊಟ್ಟು ಇದನ್ನ ಓದಿ ಅಂದಿದ್ದರು? ಸ್ವತಂತ್ರ ಅಂಗಡಿ ಅಂದರೂ ಗಲ್ಲಾಪೆಟ್ಟಿಗೆ ಹಿಂದೆ ಕೂತೋರು ಹೆಚ್ಚಿನ ಕಡೆ ಗಂಡಸರು, ಅದರಲ್ಲೂ ಕೆಲವೇ ಜಾತಿಯವರು. ಅವರಿಗೆ ಕಾಣದ್ದು ಕಪಾಟಿಗೂ ಬರಲಿಲ್ಲ.

ದೊಡ್ಡಪ್ಪ: ನೀನು ಹೇಳೋದು ಸರಿ, ಅದಕ್ಕೆ ಎದುರು ಮಾತಿಲ್ಲ. ಒಬ್ಬನ ರುಚಿಯ ಗಡಿಯೇ ಅಂಗಡಿಯ ಗಡಿಯಾಗುತ್ತೆ. ಅದಕ್ಕೆ ಮದ್ದು ಅಂಗಡಿಗಳು ಹೆಚ್ಚಾಗೋದು, ನಿನ್ನಂಥವರು ಬಂದು ಕೂರೋದು. ಬೆಂಗಳೂರಿನಲ್ಲಿ ಚಂಪಕ ಅಂತ ಹೆಣ್ಣುಮಕ್ಕಳೇ ನಡೆಸೋ ಅಂಗಡಿ 2019ರಲ್ಲಿ ಬಂತಲ್ಲ, ಅಲ್ಲಿಯ ಕಪಾಟಿನಲ್ಲಿ ಯಾರಿದ್ದಾರೆ ನೋಡಿಕೊಂಡು ಬಾ. ಈಗ ಬಾನು ಅವರ ವಿಷಯಕ್ಕೆ ಬಂದರೆ, ಅವರನ್ನ ಕೇಳಿಕೊಂಡು ಬಂದವರಿಗೆ ಕೊಟ್ಟು ಕಳಿಸಿದರೆ ಪ್ರಶಸ್ತಿ ಮಾಡಿದ ಕೆಲಸಕ್ಕೆ ನೀನು ಬಿಲ್ಲು ಹರಿದ ಹಾಗಾಯ್ತು ಅಷ್ಟೆ. ಮುಂದಿನ ಪುಸ್ತಕ ನೀನು ಹೇಳಬೇಕು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೊಡು. ಅದೂ ಲಂಕೇಶ್ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂದದ್ದು. ಕಾಸರಗೋಡಿನ ಕಡೆಯ ಮುಸ್ಲಿಂ ಹೆಣ್ಣುಮಗಳು, ತಲಾಖ್, ಅಪ್ಪನ ಹಟ. ಈ ಇಬ್ಬರನ್ನ ಒಂದರ ಹಿಂದೆ ಒಂದು ಓದಿದವರಿಗೆ ಕನ್ನಡದಲ್ಲಿ ಒಂದು ಪರಂಪರೆಯೇ ಇದೆ ಅಂತ ತಿಳಿಯುತ್ತೆ. ಬೂಕರ್ ಕೊಟ್ಟವರು ಅಷ್ಟನ್ನ ಹೇಳಲು ಆಗಲ್ಲ, ಹಾಸನದ ಅಂಗಡಿಯವಳು ಹೇಳಬಹುದು.

ಮಗಳು: ಊರಿನ ಕಪಾಟು ಅಂತಲೇ ಒಂದು ಮಾಡೋಣ ಅಂತಿದ್ದೀನಿ. ಗೊರೂರು, ಭೈರಪ್ಪ, ಬಾನು ಮುಷ್ತಾಕ್. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರ ಇಂಗ್ಲಿಷ್ ಕಾದಂಬರಿ 'ಕಾಂತಾಪುರ' ಕೂಡ.

ದೊಡ್ಡಪ್ಪ: ಚೆನ್ನಾಗಿದೆ. ಒಬ್ಬರು ಒಪ್ಪಿದ್ದನ್ನ ಇನ್ನೊಬ್ಬರು ಒಪ್ಪದ ನಾಲ್ಕು ಜನ ಒಂದೇ ಹಲಗೆ ಮೇಲೆ. ಭೈರಪ್ಪನವರ ಪುಸ್ತಕಕ್ಕೆ ಚೀಟಿ ಅಂಟಿಸೋ ಶ್ರಮ ಬೇಡ, ಅವರ ಓದುಗರು ಬಾಗಿಲಲ್ಲೇ ಹೆಸರು ಹೇಳಿಕೊಂಡು ಬರ್ತಾರೆ. ನಿನ್ನ ಬಾಡಿಗೆ ಕಟ್ಟೋದು ಭೈರಪ್ಪ, ಕಗ್ಗ, ಕೆ.ಎ.ಎಸ್. ಪರೀಕ್ಷೆಯ ಗೈಡು. ಆ ದುಡ್ಡಿನ ಬಲದ ಮೇಲೆ ನೀನು ಬೇರೆಯದನ್ನ ಧೈರ್ಯವಾಗಿ ತರಿಸಬಹುದು. ಚೀಟಿ ಗೊರೂರರಿಗೆ ಹಾಕು. ಹೇಮಾವತಿ ದಡದ ಹಳ್ಳಿಗಳ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದವರನ್ನ ಇವತ್ತಿನ ಹುಡುಗರು ಪಠ್ಯಪುಸ್ತಕದ ಒಂದು ಪಾಠ ಅಂತ ಮಾತ್ರ ಬಲ್ಲರು. ನನಗೆ ಅದು ಬಹಳ ನೋವಿನ ವಿಷಯ.

ಮಗಳು: ನೀವು ಯಾವಾಗಲೂ ಬೆಂಗಳೂರಿನ ಪ್ರೀಮಿಯರ್ ಪುಸ್ತಕದಂಗಡಿಯ ಶಾನಭಾಗರ ಹೆಸರು ಹೇಳ್ತಿರ್ತೀರಿ. ಅಲ್ಲಿ ಚೀಟಿ ಇತ್ತಾ?

ದೊಡ್ಡಪ್ಪ: ಚೀಟಿ ಅಂಟಿಸೋಕೆ ಜಾಗ ಬೇಡವಾ? ಚರ್ಚ್ ಸ್ಟ್ರೀಟ್ ಮಗ್ಗುಲಿನ ಆ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಪುಸ್ತಕ, ನಡುವೆ ಒಂದು ದೊಡ್ಡ ಗುಡ್ಡ, ಸುತ್ತ ಒಬ್ಬರು ನಡೆಯೋವಷ್ಟು ಓಣಿ. ಟಿ.ಎಸ್. ಶಾನಭಾಗರು ಕುಂದಾಪುರದ ಕಡೆಯವರು. ಅವರ ಚಿಕ್ಕಪ್ಪ ಟಿ.ಎನ್. ಶಾನಭಾಗರು ಮುಂಬಯಿಯ ಸ್ಟ್ರಾಂಡ್ ಸಿನಿಮಾ ಒಳಗೆ 1948ರಲ್ಲಿ ಒಂದು ಪುಟ್ಟ ಕಟ್ಟೆ ಹಾಕಿ ಪುಸ್ತಕ ಮಾರೋಕೆ ಕೂತವರು, ಅದೇ ಮುಂದೆ ಸ್ಟ್ರಾಂಡ್ ಬುಕ್ ಸ್ಟಾಲ್ ಆಯ್ತು. ಇವರು ಬೆಂಗಳೂರಿಗೆ ಬಂದು 1971ರಲ್ಲಿ ಪ್ರೀಮಿಯರ್ ತೆರೆದರು, 2009ರ ತನಕ ನಡೆಸಿದರು. ಇಂಗ್ಲಿಷ್ ಪುಸ್ತಕವೇ ಹೆಚ್ಚು. ಕಾರ್ನಾಡ್, ಅನಂತಮೂರ್ತಿ, ರಾಮಚಂದ್ರ ಗುಹಾ ಎಲ್ಲ ಹೋಗಿಬರುತ್ತಿದ್ದ ಜಾಗ. ಶಾನಭಾಗರದು ಮಾತು ಬಹಳ ಕಡಿಮೆ. ನೀನು ಕೇಳಿದ ಪುಸ್ತಕ ಗುಡ್ಡದ ಯಾವ ಪದರದಲ್ಲಿದೆ ಅಂತ ನೋಡದೆ ಹೇಳೋರು, ಮೇಲಿನದು ಬೀಳದ ಹಾಗೆ ಎಳೆದು ಕೊಡೋರು. ಯಾರಿಗೆ ಏನು ಬೇಕಾಗಬಹುದು ಅಂತ ತಲೆಯಲ್ಲಿ ಇಟ್ಟುಕೊಂಡು, ಹೊಸದು ಬಂದಾಗ ಅವರಿಗೆ ಅಂತ ತೆಗೆದಿಡೋರು. ಬಾಯಿಬಿಟ್ಟು ಹೊಗಳದೆ ಶಿಫಾರಸು ಮಾಡೋ ರೀತಿ ಅದು. 2021ರಲ್ಲಿ ಅವರು ಹೋದಾಗ ಊರಿಗೆ ಊರೇ ಮರುಗಿತು.

ಮಗಳು: ಹಾಗೆ ತೆಗೆದಿಟ್ಟಿದ್ದನ್ನ ಗಿರಾಕಿ ಕಣ್ಣುಮುಚ್ಚಿ ಕೊಳ್ಳಬೇಕಾದರೆ ಎಷ್ಟು ನಂಬಿಕೆ ಇರಬೇಕು!

ದೊಡ್ಡಪ್ಪ: ಅದಕ್ಕಿಂತ ಮುಂದಿನ ನಂಬಿಕೆಯೂ ನಮ್ಮಲ್ಲಿತ್ತು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲಾ ಶುರು ಮಾಡಿದಾಗ ಅದು ಚಂದಾ ಪದ್ಧತಿ. ಓದುಗರು ದುಡ್ಡು ಮೊದಲೇ ಕಟ್ಟೋದು, ಮಾಲೆಯ ಪುಸ್ತಕಗಳು ಮನೆಗೆ ಬರೋದು. ಯಾವ ಪುಸ್ತಕ ಅಂತ ಆರಿಸೋರು ಅಟ್ಟದ ಮೇಲೆ ಕೂತವರು, ಜೋಶಿ, ಆಮೇಲೆ ಕೀರ್ತಿನಾಥ ಕುರ್ತಕೋಟಿ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹುಡುಗನೊಬ್ಬನ ಮೊದಲ ನಾಟಕ 'ಯಯಾತಿ' 1961ರಲ್ಲಿ ಅಲ್ಲಿಂದ ಬಂತು. ಆಗ ಗಿರೀಶ ಕಾರ್ನಾಡ ಅನ್ನೋ ಹೆಸರು ಯಾರಿಗೆ ಗೊತ್ತಿತ್ತು? ಎ.ಕೆ. ರಾಮಾನುಜನ್ ಅವರ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಬಂದದ್ದೂ ಅಲ್ಲಿಂದಲೇ. ಅದಕ್ಕೂ ಹಿಂದೆ ಹೋದರೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಬರೆದವರೂ ಅವರೇ, ಮನೆ ಬಾಗಿಲಲ್ಲಿ ನಿಂತು ಇದನ್ನ ಓದಿ ಅಂದವರೂ ಅವರೇ.

ಮಗಳು: ಈಗ ಹೊರೋದೆಲ್ಲ ವಾಟ್ಸ್ಆ್ಯಪ್. ಗುಂಪು ಮಾಡಿ ದಿನಕ್ಕೊಂದು ಮುಖಪುಟ ಹಾಕ್ತಾರೆ. ನಾನೂ ಮಾಡ್ತೀನಿ. ಅಂಚೆಯ ಬುಕ್ ಪೋಸ್ಟ್ ದರ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಹಳ್ಳಿಗಳಿಗೆ ಕಳಿಸೋದು ಕಷ್ಟ ಆಗಿತ್ತು. ನನಗೆ ಹೆಚ್ಚು ಹೆದರಿಕೆ ಇರೋದು ಬೇರೆ. ಅರ್ಧ ಗಂಟೆ ಮಾತಾಡಿ ಪುಸ್ತಕ ಹೇಳಿರ್ತೀವಿ, ಅವರು ಮುಖಪುಟದ ಫೋಟೋ ತೆಗೆದುಕೊಂಡು ಹೋಗಿ ಮನೆಯಿಂದ ರಿಯಾಯಿತಿಗೆ ತರಿಸಿಕೊಳ್ತಾರೆ. ಆಗ ಏನು ಹೇಳೋದು?

ದೊಡ್ಡಪ್ಪ: ಲೆಕ್ಕ ಹೇಳು, ಮುಚ್ಚುಮರೆ ಬೇಡ. 200 ರೂಪಾಯಿ ಪುಸ್ತಕದಲ್ಲಿ ಅಂಗಡಿಗೆ ಸಿಗೋದು ಮೂರನೇ ಒಂದು ಭಾಗದ ಆಸುಪಾಸು, 60ರಿಂದ 70 ರೂಪಾಯಿ. ಬಾಡಿಗೆ, ಕರೆಂಟು, ಹುಡುಗನ ಸಂಬಳ, ಪಾರ್ಸೆಲ್ ಖರ್ಚು ಎಲ್ಲ ಅದರಲ್ಲೇ. ಶೇಕಡಾ 10 ಬಿಡಿ ಅಂದರೆ 20 ರೂಪಾಯಿ ಹೋಯ್ತು, ಅಂದರೆ ದುಡಿಮೆಯಲ್ಲಿ ಮೂರನೇ ಒಂದು ಪಾಲು. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಬೇರೆ ಬರುತ್ತೆ, ಅಷ್ಟು ಕಡಿತ ಕೊಡೋ ಶಕ್ತಿ ಸಣ್ಣ ಅಂಗಡಿಗಿಲ್ಲ. ನಾನು ಓದುಗರನ್ನ ಬೈಯಲ್ಲ, ಅವರ ಜೇಬಿನ ಕಷ್ಟ ಅವರಿಗೆ. ಆದರೆ ಪುಸ್ತಕ ಹೇಳಿಕೊಟ್ಟ ಕಡೆಯೇ ಕೊಂಡರೆ ಮಾತ್ರ ಹೇಳಿಕೊಡೋರು ಉಳಿಯುತ್ತಾರೆ ಅನ್ನೋದನ್ನ ಅವರಿಗೆ ತಿಳಿಸೋದರಲ್ಲಿ ನಾಚಿಕೆ ಪಡಬೇಡ.

ಮಗಳು: ಫ್ರಾನ್ಸಿನಲ್ಲಿ 1981ರಿಂದ ಕಾನೂನೇ ಇದೆ. ಹೊಸ ಪುಸ್ತಕಕ್ಕೆ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡೋ ಹಾಗಿಲ್ಲ. ಜರ್ಮನಿಯಲ್ಲೂ ಒಂದು ಪುಸ್ತಕಕ್ಕೆ ದೇಶಕ್ಕೆಲ್ಲ ಒಂದೇ ಬೆಲೆ. ಬೆಲೆಯಲ್ಲಿ ಪೈಪೋಟಿ ಇಲ್ಲದ ಮೇಲೆ ಅಂಗಡಿಗಳು ಪೈಪೋಟಿ ಮಾಡೋದು ತಿಳಿವಳಿಕೆಯಲ್ಲಿ. ಅಲ್ಲಿ ಸಣ್ಣ ಅಂಗಡಿಗಳು ಇನ್ನೂ ಉಸಿರಾಡುತ್ತಿರೋದಕ್ಕೆ ಅದೊಂದು ಕಾರಣ.

ದೊಡ್ಡಪ್ಪ: ಇಲ್ಲಿಗೂ ಅಂಥದ್ದು ಬರಬೇಕು. ಕನ್ನಡ ಪುಸ್ತಕೋದ್ಯಮದ ಸಭೆಗಳಲ್ಲಿ ಅನುದಾನದ ಬಗ್ಗೆ ಮಾತಾಡೋವಷ್ಟೇ ಜೋರಾಗಿ ಬೆಲೆಯ ಬಗ್ಗೆಯೂ ಮಾತಾಡಬೇಕು.

ಮಗಳು: ನನ್ನದು ಇನ್ನೊಂದು ಯೋಚನೆ. ಜಪಾನಿನಲ್ಲಿ 'ಹೊನ್ಯಾ ತೈಶೋ' ಅಂತ ಪ್ರಶಸ್ತಿ ಇದೆ, 2004ರಿಂದ. ತೀರ್ಪುಗಾರರು ಲೇಖಕರಲ್ಲ, ವಿಮರ್ಶಕರಲ್ಲ, ಪುಸ್ತಕದಂಗಡಿಗಳಲ್ಲಿ ಕೆಲಸ ಮಾಡೋರು. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರು ಮೂರು ಪುಸ್ತಕ ಹೇಳ್ತಾರೆ. ಹೆಚ್ಚು ಮತ ಬಿದ್ದವು ಎರಡನೇ ಸುತ್ತಿಗೆ. ಅವೆಲ್ಲವನ್ನೂ ಓದಿದವರಿಗೆ ಮಾತ್ರ ಎರಡನೇ ಮತ. ಮೊದಲ ವರ್ಷ ಗೆದ್ದದ್ದು ಯೋಕೊ ಒಗಾವಾ ಅವರ ಕಾದಂಬರಿ. ಎಂಬತ್ತು ನಿಮಿಷಕ್ಕಿಂತ ಹೆಚ್ಚು ಏನೂ ನೆನಪು ಉಳಿಯದ ಗಣಿತದ ಪ್ರೊಫೆಸರು, ಅವರ ಮನೆಗೆಲಸದವಳು, ಅವಳ ಮಗ. ಅಮೆರಿಕದಲ್ಲೂ ಸ್ವತಂತ್ರ ಅಂಗಡಿಗಳು ಸೇರಿ ತಿಂಗಳು ತಿಂಗಳು ಪಟ್ಟಿ ಹೊರಡಿಸ್ತಾರೆ, ಪ್ರತಿ ಪುಸ್ತಕದ ಕೆಳಗೆ ಅದನ್ನ ಸೂಚಿಸಿದ ಅಂಗಡಿಯವರ ನಾಲ್ಕು ಸಾಲು ಇರುತ್ತೆ. ಹಾಸನ, ಮೈಸೂರು, ಶಿವಮೊಗ್ಗ, ಧಾರವಾಡ, ಕಲಬುರಗಿ, ಮಂಗಳೂರು ಅಂತ ನಾವೊಂದು ಹತ್ತು ಅಂಗಡಿಯವರು ಹಾಗೆ ಸೇರಬಾರದೇಕೆ?

ದೊಡ್ಡಪ್ಪ: ಸೇರಬಹುದು. ಆದರೆ ಕನ್ನಡದಲ್ಲಿ ಅಂಗಡಿಯವರೇ ಪ್ರಕಾಶಕರೂ ಆಗಿರ್ತಾರಲ್ಲ? ನನ್ನ ಪುಸ್ತಕ ನೀನು ಹೇಳು, ನಿನ್ನದು ನಾನು ಹೇಳ್ತೀನಿ ಅಂತ ಶುರುವಾದರೆ ಅದೂ ಇನ್ನೊಂದು ವಿನಿಮಯವೇ ಆಗಿಹೋಗುತ್ತೆ.

ಮಗಳು: ತಮ್ಮ ಪ್ರಕಾಶನದ್ದನ್ನ ಸೂಚಿಸೋ ಹಾಗಿಲ್ಲ ಅಂತ ನಿಯಮ. ಓದದೆ ಸೂಚಿಸೋ ಹಾಗಿಲ್ಲ. ಯಾವ ಅಂಗಡಿಯವರು, ಯಾಕೆ ಸೂಚಿಸಿದರು ಅಂತ ಹೆಸರು ಹಾಕಿಯೇ ಪ್ರಕಟಿಸೋದು. ಹೆಸರು ಹಾಕಿದ ಮೇಲೆ ಓದುಗರು ಬಂದು ಕೇಳ್ತಾರಲ್ಲ.

ದೊಡ್ಡಪ್ಪ: ಹೆಸರು ಹಾಕೋದು ಸರಿ. ನನ್ನದೂ ಒಂದು ನಿಯಮ ಸೇರಿಸು. ಹೊಸ ಪುಸ್ತಕ ಮಾತ್ರ ಬೇಡ, ಮೂರರಲ್ಲಿ ಒಂದು ಹಳೆಯದಿರಲಿ. ಹಳೆಯ ಒಳ್ಳೆಯ ಪುಸ್ತಕ ಎಷ್ಟೋ ಈಗ ಪ್ರತಿ ಸಿಗಲ್ಲ, ಓದುಗರು ಕೇಳಿ ಕೇಳಿ ಸುಮ್ಮನಾಗ್ತಾರೆ. ಈ ಹಿಂದೆ ಮರುಮುದ್ರಣ ಅಂದರೆ ಸಾವಿರ ಪ್ರತಿ ಹಾಕಬೇಕಿತ್ತು, ಪ್ರಕಾಶಕರು ಹೆದರೋರು. ಈಗ ಡಿಜಿಟಲ್ ಮುದ್ರಣ ಬಂದ ಮೇಲೆ ನೂರು ಇನ್ನೂರು ಹಾಕಿದರೂ ಗಿಟ್ಟುತ್ತೆ. ಹತ್ತು ಅಂಗಡಿಯವರು ಸೇರಿ, ಇದನ್ನ ಅಚ್ಚು ಹಾಕಿ, ನಾವು ಒಬ್ಬೊಬ್ಬರು ಹದಿನೈದು ಪ್ರತಿ ದುಡ್ಡು ಕೊಟ್ಟು ತಗೊಳ್ತೀವಿ ಅಂತ ಪ್ರಕಾಶಕರಿಗೆ ಪತ್ರ ಬರೆದರೆ ಆ ಪುಸ್ತಕ ಬದುಕಿಬಿಡುತ್ತೆ. ನೀನು ಹೇಳೋ ಪಟ್ಟಿಯಿಂದ ಅಷ್ಟಾದರೆ ನಾನು ಈ ವಯಸ್ಸಿನಲ್ಲೂ ಬಂದು ನಿನ್ನ ಕೌಂಟರಿನಲ್ಲಿ ಕೂರ್ತೀನಿ.

ಮಗಳು: ಬನ್ನಿ, ಕುರ್ಚಿ ಹಾಕಿಸ್ತೀನಿ. ಒಂದು ಕೇಳಬೇಕು. ಗಿರಾಕಿ ಎತ್ತಿಕೊಂಡು ಬಂದ ಪುಸ್ತಕ ಚೆನ್ನಾಗಿಲ್ಲ ಅಂತ ನನಗೆ ಗೊತ್ತಿದ್ದರೆ?

ದೊಡ್ಡಪ್ಪ: ಅವರು ನಿನ್ನನ್ನ ಕೇಳದೆ ಇದ್ದರೆ ಬಿಲ್ ಹಾಕು. ಅದು ಅವರ ಇಷ್ಟ, ನಿನಗೆ ಹಿಡಿಸದ್ದು ಅವರಿಗೆ ಹಿಡಿಸಬಹುದು. ಹೇಗಿದೆ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು. ಓದಿಲ್ಲದಿದ್ದರೆ ಓದಿಲ್ಲ ಅನ್ನು. ಮಕ್ಕಳಿಗೆ ಅಂತ ತಗೊಳ್ಳೋರ ಹತ್ತಿರ ಮಾತ್ರ ಕೇಳದಿದ್ದರೂ ಒಂದು ಮಾತು ಹೇಳು. ಅಕ್ಷರ ಸಣ್ಣದಾಯ್ತು, ಚಿತ್ರ ಮಂಕಾಗಿದೆ, ನೀತಿಕತೆ ಜಾಸ್ತಿಯಾಯ್ತು ಅಂತ. ಮಗುವಿನ ಕೈಗೆ ಮೊದಲು ಸಿಕ್ಕ ಪುಸ್ತಕ ಬೇಸರ ಹುಟ್ಟಿಸಿದರೆ ಆ ಮಗು ಮತ್ತೆ ಕನ್ನಡ ಪುಸ್ತಕ ಮುಟ್ಟಲಿಕ್ಕಿಲ್ಲ. ಅಲ್ಲಿ ದಾಕ್ಷಿಣ್ಯ ಇಟ್ಟುಕೊಳ್ಳಬೇಡ.

ಮಗಳು: ಸರಿ, ಮೊದಲ ಆರ್ಡರ್ ಬರೆಯೋಣ. ಒಂದೊಂದಕ್ಕೆ ಎಷ್ಟು ಪ್ರತಿ?

ದೊಡ್ಡಪ್ಪ: ಎರಡೆರಡು. ಬಾನು ಅವರದು ಮಾತ್ರ ಹತ್ತು ತರಿಸು, ನಿಮ್ಮೂರಿನಲ್ಲಿ ಅದು ಇಲ್ಲ ಅನ್ನೋ ಹಾಗಾಗಬಾರದು. 'ಹಸುರು ಹೊನ್ನು' ಮೂರು. ಮಕ್ಕಳ ಪುಸ್ತಕವನ್ನ ಕ್ಯಾಟಲಾಗ್ ನೋಡಿ ಬರೆಯಬೇಡ, ಬೆಂಗಳೂರಿಗೆ ಹೋಗಿ ಒಂದೊಂದನ್ನೂ ಬಿಚ್ಚಿ ನೋಡಿ ಆರಿಸು. ಕವನ ಸಂಕಲನ ಒಂದೊಂದೇ ಪ್ರತಿ, ಆದರೆ ಹೆಸರುಗಳು ಹೆಚ್ಚಿರಲಿ. ಮಾರಿಹೋದ ದಿನವೇ ಬರೆದಿಟ್ಟು ಅದೇ ವಾರ ಮತ್ತೆ ತರಿಸು.

ಮಗಳು: ಒಬ್ಬರು ಆಗಲೇ ಫೋನ್ ಮಾಡಿದ್ದರು. ಹೊಸ ಅಂಗಡಿ ಅಂತ ಗೊತ್ತಾಯ್ತಂತೆ. ಮೂರು ರಟ್ಟಿನ ಪೆಟ್ಟಿಗೆ ಕಳಿಸ್ತೀವಿ, ದುಡ್ಡು ಮಾರಿದ ಮೇಲೆ ಕೊಟ್ಟರೆ ಸಾಕು, ನಮ್ಮ ಪುಸ್ತಕ ಮುಂದೆ ಇಡಿ ಸಾಕು ಅಂದರು. ಖಾಲಿ ಕಪಾಟು ನೆನೆಸಿಕೊಂಡರೆ ಹೂಂ ಅನ್ನೋಣ ಅನ್ನಿಸ್ತು.

ದೊಡ್ಡಪ್ಪ: ಕಪಾಟು ಸ್ವಲ್ಪ ದಿನ ಖಾಲಿಯಿದ್ದರೆ ಏನೂ ಆಗಲ್ಲ. ಅವರಿಗೆ ವಿನಯವಾಗಿಯೇ ಹೇಳು, ಪೆಟ್ಟಿಗೆ ಈಗ ಬೇಡ, ನಿಮ್ಮ ಪುಸ್ತಕಗಳಲ್ಲಿ ನಿಮಗೆ ಅತಿ ಇಷ್ಟವಾದ ನಾಲ್ಕರ ಒಂದೊಂದು ಪ್ರತಿ ಕಳಿಸಿ, ಓದಿ ನೋಡಿ ಎಷ್ಟು ಬೇಕು ಅಂತ ತಿಳಿಸ್ತೀನಿ ಅಂತ. ಆ ನಾಲ್ಕು ಪ್ರತಿಯ ದುಡ್ಡು ಮಾತ್ರ ಅವತ್ತೇ ಕಳಿಸಿಬಿಡು.